ಚೀಲಕ್ಕೆ ಹಚ್ಚಿದ ವಿಭೂತಿ

ಜೆ.ಪಿ. ನಗರ, ಬೆಂಗಳೂರು
6 ಜುಲೈ 2025, ಭಾನುವಾರ

ದಾವಣಗೆರೆಯಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ಕೂತಿರುವ ನನ್ನ ಅಮ್ಮನಿಗೆ, ಸಿರಿ ಮಾಡುವ ನಮಸ್ಕಾರ.

ಇವತ್ತು ಬೆಳಿಗ್ಗೆ ನಮ್ಮ ರಸ್ತೆ ಗುಡಿಸುವ ದಾನಮ್ಮನ ಪೊರಕೆಯ ತುದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮೂಲೆಮನೆಯ ನೇರಳೆ ಮರ ರಾತ್ರಿಯೆಲ್ಲ ಹಣ್ಣು ಉದುರಿಸಿ, ಫುಟ್‌ಪಾತನ್ನೂ ಅಲ್ಲಿ ನಿಲ್ಲಿಸಿದ್ದ ಬಿಳಿ ಕಾರನ್ನೂ ಒಂದೇ ಬಣ್ಣ ಮಾಡಿಟ್ಟಿತ್ತು. ದಾನಮ್ಮ ಮರಕ್ಕೆ ಬೈಯುತ್ತಲೇ ಗುಡಿಸುತ್ತಿದ್ದರು. ಆದರೆ ಬೈಯಲು ಬಾಯಿ ತೆರೆದಾಗಲೆಲ್ಲ ಅವರ ನಾಲಿಗೆಯೂ ಅದೇ ಬಣ್ಣದ್ದು ಎಂದು ಕಾಣುತ್ತಿತ್ತು. ಇದನ್ನು ನಿನಗೆ ಹೇಳಬೇಕು ಅನ್ನಿಸಿತು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಹಿಂದೆ ಪಾಪು ಅಳುತ್ತಿರುತ್ತದೆ, ನನ್ನ ಮುಂದೆ ಚಿಕ್ಕಪ್ಪ ಫೋನಿಗೆ ಕೈ ಚಾಚಿಕೊಂಡು ನಿಂತಿರುತ್ತಾರೆ. ನನ್ನ ಮಾತು ಯಾವಾಗಲೂ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕಾಗದ ಹಿಡಿದು ಕೂತೆ.

ನಿನ್ನ ಮಂಡಿ ನೋವು ಹೇಗಿದೆ? ದಿವ್ಯಕ್ಕನಿಗೆ ನಿದ್ದೆ ಸಿಗುತ್ತಿದೆಯಾ? ಬಾಣಂತನ ಮಾಡಲು ಹೋದವಳು ಬಾಣಂತಿಗಿಂತ ಹೆಚ್ಚು ಸೊರಗಿ ಬರಬೇಡ. ನಾವು ಆರಾಮಾಗಿದ್ದೇವೆ. ನೀನು ಹೋದ ಮೇಲೆ ಅಪ್ಪ ಉಪ್ಪಿಟ್ಟು ಮಾಡುವುದನ್ನು ಕಲಿತರು. ಈಗ ಯಾರು ಹೇಳಿದರೂ ನಿಲ್ಲಿಸುತ್ತಿಲ್ಲ. ತುಳಸಿಗೆ ನೀರು ತಪ್ಪಿಲ್ಲ. ನಿನ್ನ ದೊಡ್ಡ ಉಕ್ಕಿನ ಪಾತ್ರೆಯ ತಳ ಮಾತ್ರ ನೋಡಬೇಡ.

ನಿನ್ನ ಹಣ್ಣಿನ ಜೆಲ್ಲಿ ವ್ಯಾಪಾರಕ್ಕೆ ಹೊರದೇಶದಿಂದ ತರಿಸಿದ ನಮ್ಮ ಪೆಕ್ಟಿನ್ ವಿಮಾನದಲ್ಲಿ ಬಂದಿಳಿಯಿತು, ಕಸ್ಟಮ್ಸಿನಿಂದ ಬಿಡುಗಡೆಯೂ ಆಯಿತು ಎಂದು ಚಿಕ್ಕಪ್ಪ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದಾರೆ. ನಡುವೆ ಏನಾಯಿತೆಂದು ಅವರು ನಿನಗೆ ಹೇಳಿರಲಾರರು. ಹೇಳಿದ್ದರೆ ನೀನು ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಪೂರ್ತಿ ಕಥೆ ಕೇಳು.

ಚೀಲಗಳು ದೇವನಹಳ್ಳಿಯ ಕಾರ್ಗೋ ಗೋಡೌನಿಗೆ ಬಂದ ಮೇಲೆ, ಅವುಗಳ ಮೇಲೆ ನಮ್ಮ ದೇಶದಲ್ಲಿ ಸಸ್ಯಾಹಾರಕ್ಕೆ ಹಾಕುವ ಹಸಿರು ಚುಕ್ಕೆ ಇಲ್ಲ, ತರಿಸಿದವರ ಹೆಸರು ವಿಳಾಸ ಇಲ್ಲ ಎಂದು ತಿಳಿಯಿತು. ಅದು ದೊಡ್ಡ ತಪ್ಪಲ್ಲ, ಅಲ್ಲೇ ಸ್ಟಿಕ್ಕರ್ ಅಂಟಿಸಲು ಅನುಮತಿ ಕೊಡುತ್ತಾರೆ ಎಂದು ನಮ್ಮ ಕ್ಲಿಯರಿಂಗ್ ಏಜೆಂಟ್ ಸೇತುರಾಮ ಧೈರ್ಯ ಹೇಳಿದ. ಜಯನಗರದಲ್ಲಿ ಸ್ಟಿಕ್ಕರ್ ಮಾಡಿಸಿದೆವು. ಅಂಟಿಸಲು ಚಿಕ್ಕಪ್ಪ ಹೋದರು. ಅವತ್ತು ಸಂಜೆ ಮನೆಗೆ ಬಂದವರು ಜೇಬಿನಿಂದ ವಿಭೂತಿ ಗಟ್ಟಿ ತೆಗೆದು ದೇವರ ಗೂಡಿನಲ್ಲಿಟ್ಟರು. ಬೆಳಿಗ್ಗೆ ಇದ್ದುದರ ಅರ್ಧವೂ ಉಳಿದಿರಲಿಲ್ಲ. ನಾನು ನೋಡಿದೆ. ಕೇಳಲಿಲ್ಲ. ನನ್ನ ಬುದ್ಧಿ ನಿನಗೆ ಗೊತ್ತಲ್ಲ, ನೋಡುವುದಕ್ಕೆ ಬರುತ್ತದೆ, ಕೇಳುವುದಕ್ಕೆ ಬರುವುದಿಲ್ಲ.

ಆಹಾರ ಇಲಾಖೆಯವರು ಚೀಲ ನೋಡಿ ಸ್ಯಾಂಪಲ್ ತೆಗೆಯುವ ದಿನ ಚಿಕ್ಕಪ್ಪ ತುಮಕೂರಿನಲ್ಲಿ ನಡೆಯುವ ಗೆಳೆಯನ ಮಗನ ಮದುವೆಗೆ ಹೋಗಲೇಬೇಕಾಗಿತ್ತು. ಅಪ್ಪನಿಗೆ ರಜೆ ಇರಲಿಲ್ಲ. ಉಳಿದವಳು ನಾನು. "ನೀನೇನೂ ಮಾತಾಡ್ಬೇಕಾಗಿಲ್ಲ ಪುಟ್ಟಿ, ಸೇತುರಾಮ ಎಲ್ಲಾ ನೋಡ್ಕೊತಾನೆ, ನೀನು ಸುಮ್ನೆ ನಿಂತ್ಕೊ ಸಾಕು" ಎಂದು ಚಿಕ್ಕಪ್ಪ ಹೇಳಿ ಹೋದರು. ಸುಮ್ಮನೆ ನಿಲ್ಲುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡು ನಾನೂ ನೆಮ್ಮದಿಯಿಂದ ಬಸ್ಸು ಹತ್ತಿದೆ. ಸಾರಕ್ಕಿ ಸಿಗ್ನಲ್ಲಿನಲ್ಲಿ ತಳ್ಳುಗಾಡಿಯ ತುಂಬ ನೇರಳೆ ಹಣ್ಣಿತ್ತು. ದಾವಣಗೆರೆಗೆ ಹೊರಟು ಆಟೋ ಹತ್ತುವಾಗ ನೀನು ಹೇಳಿದ ಮಾತು ನೆನಪಾಯಿತು: "ನೇರಳೆ ಮುಗಿದ್ಮೇಲೆ ಪೆಕ್ಟಿನ್ ಬಂದ್ರೆ ಅದನ್ನ ತಲೆಗೆ ಹಚ್ಕೊಬೇಕಾ?" ಇಲ್ಲಿನ ಅಂಗಡಿಯವರು ಪೆಕ್ಟಿನ್ ತರಿಸುವುದನ್ನು ನಿಲ್ಲಿಸಿದ ಮೇಲೆ ಹೋದ ವರ್ಷ ನಿನ್ನ ಪಾತ್ರೆಗಳೆಲ್ಲ ಅಟ್ಟ ಸೇರಿದ್ದು, ಅದರ ಬದಲು ಪ್ರಾಣಿಗಳ ಮೂಳೆಯಿಂದ ತೆಗೆಯುವ ಜಿಲೆಟಿನ್ ಹಾಕಿ ಮಾಡಿ ಎಂದವರಿಗೆ ನೀನು ಬಾಗಿಲಲ್ಲೇ ಕೈಮುಗಿದು ಕಳಿಸಿದ್ದು, ಆಮೇಲೆ ಹಿತ್ತಲಿನಲ್ಲಿ ಸುಮ್ಮನೆ ಕೂತಿದ್ದು, ಎಲ್ಲವನ್ನೂ ನಾನು ನೋಡಿದ್ದೆ. ಈ ವರ್ಷವೂ ಹಾಗೆ ಆಗಬಾರದು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಗೋಡೌನಿನ ಬಾಗಿಲಲ್ಲಿ ಫೋನ್ ಇಸಿದುಕೊಂಡರು. ಒಳಗೆ ಆಕಾಶದಷ್ಟು ಎತ್ತರದ ಚಾವಣಿ, ಅದರ ಕೆಳಗೆ ಯಾರ್ಯಾರದೋ ಸಾಮಾನು. ನಮ್ಮ ಚೀಲಗಳು ಒಂದು ಮೂಲೆಯಲ್ಲಿ, ನೆಂಟರ ಮನೆಗೆ ಹೊಸದಾಗಿ ಬಂದ ಮಕ್ಕಳ ಹಾಗೆ ಒಂದಕ್ಕೊಂದು ಒರಗಿಕೊಂಡಿದ್ದವು. ನಮ್ಮ ವಿಳಾಸ ಅಷ್ಟು ದೂರದಲ್ಲಿ ಓದಿ ನನಗೆ ನಗು ಬಂತು. ಬಂದ ಅಧಿಕಾರಿಯ ಹೆಸರು ಅಲಮೇಲು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಅದನ್ನೇ ಬ್ಯಾಗಿನಲ್ಲಿ ಹುಡುಕುತ್ತಿದ್ದರು. ಪೆಕ್ಟಿನ್ ಅಂದರೇನು ಎಂದು ಮೂಟೆ ಹೊರುವವರೊಬ್ಬರು ಸೇತುರಾಮನನ್ನು ಕೇಳಿದರು. ಆತ ತಡವರಿಸಿದಾಗ ನಾನು ಮೆಲ್ಲಗೆ ನೀನು ಹೇಳುವ ಹಾಗೆಯೇ ಹೇಳಿದೆ, ಕಿತ್ತಳೆ ನಿಂಬೆಯ ಸಿಪ್ಪೆಯಿಂದ ತೆಗೆದ ಪುಡಿ, ಹಣ್ಣಿನ ರಸ ಕತ್ತರಿಸುವಷ್ಟು ಗಟ್ಟಿಯಾಗುವುದು ಇದರಿಂದಲೇ ಎಂದು. ಅಲ್ಲಿಯವರೆಗೆ ಎಲ್ಲವೂ ಸುಗಮ.

ಆಮೇಲೆ ಅಲಮೇಲು ಅವರು ಬಗ್ಗಿ ಮೊದಲನೆಯ ಚೀಲದ ಬಾಯಿ ನೋಡಿದರು. ಎರಡನೆಯದನ್ನು ನೋಡಿದರು. ಎಲ್ಲ ಚೀಲಗಳ ಹೊಲಿಗೆಯ ಉದ್ದಕ್ಕೂ ಬಿಳಿ ಪುಡಿ. ಕನ್ನಡಕ ತಲೆಯಿಂದ ಮೂಗಿಗೆ ಇಳಿಯಿತು. "ಏನ್ರೀ ಸೇತುರಾಮ, ಬ್ಯಾಗ್ ಎಲ್ಲಾ ಲೀಕ್ ಆಗಿದೆ. ಹೊಲಿಗೆ ಬಿಟ್ಟಿರೋ ಮಾಲನ್ನ ನಾನು ಹೆಂಗ್ ಪಾಸ್ ಮಾಡ್ಲಿ? ಇದು ವಾಪಸ್ ಹೋಗೋದೇ." ಸೇತುರಾಮನ ಮುಖ ಸಪ್ಪಗಾಯಿತು. ದಾರಿಯಲ್ಲಿ ಬರುವಾಗ ಆಗಿರಬೇಕು ಮೇಡಂ ಎಂದು ಆತ ಒಪ್ಪಿಕೊಂಡೇ ಬಿಟ್ಟ. ಅವರು ಬರೆಯಲು ಪೆನ್ನಿನ ಮುಚ್ಚಳ ತೆಗೆದರು.

ಅಮ್ಮಾ, ಆಗ ನನ್ನ ಕಣ್ಣ ಮುಂದೆ ಬಂದದ್ದು ಸವೆದ ವಿಭೂತಿ ಗಟ್ಟಿ. ಚಿಕ್ಕಪ್ಪ ಹೊಸ ಗಾಡಿ ತಂದರೂ, ಹೊಸ ಫ್ರಿಜ್ಜು ತಂದರೂ ವಿಭೂತಿ ಹಚ್ಚದೆ ಮುಟ್ಟುವವರಲ್ಲ. ಇಷ್ಟು ದೂರದಿಂದ ಬಂದ ಸಾಮಾನನ್ನು ಬರಿದೆ ಬಿಟ್ಟಾರೆಯೇ? ಒಳಗಿರುವುದಕ್ಕೆ ರಕ್ಷೆಯಾಗಲಿ ಎಂದು ಸರಿಯಾಗಿ ಬಾಯಿಯ ಹತ್ತಿರವೇ ಎಳೆದಿದ್ದಾರೆ. ಚೀಲಗಳನ್ನು ಆಚೀಚೆ ಎತ್ತಿಟ್ಟಾಗ ಮೂರೂ ಗೆರೆ ಕಲಸಿ ಪುಡಿಯಾಗಿ ಉದುರಿದೆ. ನನಗೆ ಎಲ್ಲವೂ ತಿಳಿಯಿತು, ಆದರೆ ನಾನು ಸೇತುರಾಮನ ಬೆನ್ನ ಹಿಂದೆ ಸರಿದೆ. ಕಾಲೇಜಿನಲ್ಲಿ ಸೆಮಿನಾರ್ ದಿನ ಕೊನೆಯ ಬೆಂಚಿಗೆ ಸರಿಯುತ್ತಿದ್ದೆನಲ್ಲ, ಹಾಗೆ. ಪೆನ್ನು ಕಾಗದ ಮುಟ್ಟಿದ್ದು ಕಂಡಿತು.

"ಮೇಡಂ, ಅದು ವಿಭೂತಿ" ಎಂದೆ.

ಅವರು ತಿರುಗಿ ನೋಡಿ, "ಏನಮ್ಮಾ?" ಎಂದರು. ಇನ್ನೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಧ್ವನಿ ಬೇಕಾದುದಕ್ಕಿಂತ ಜೋರಾಗಿ ಬಂದು, ಆಚೆ ಕಡೆ ಪೆಟ್ಟಿಗೆ ಎಣಿಸುತ್ತಿದ್ದವರೂ ಇತ್ತ ನೋಡಿದರು. ವಿಭೂತಿ ಅನ್ನುವುದಕ್ಕೆ ಏನು ಗ್ಯಾರಂಟಿ, ಎರಡೂ ಬಿಳಿ ಪುಡಿಯೇ ತಾನೆ ಎಂದರು ಅವರು. ನ್ಯಾಯವಾದ ಪ್ರಶ್ನೆ. ಆಗ ನನ್ನ ಸಹಾಯಕ್ಕೆ ಬಂದವಳು ನೀನು. ಪೆಕ್ಟಿನ್ ಡಬ್ಬಿಗೆ ಒದ್ದೆ ಚಮಚ ಹಾಕಿದಾಗಲೆಲ್ಲ ನನಗೆ ಎಷ್ಟು ಬೈದಿದ್ದೀಯ, "ಒದ್ದೆ ಹಾಕ್ಬೇಡ್ವೇ, ಅಂಟ್ಕೊಂಡು ಗೊಣ್ಣೆ ಥರ ಆಗತ್ತೆ" ಎಂದು. ಒಂದು ಲೋಟ ನೀರು ಕೇಳಿದೆ. ಬೆರಳು ಅದ್ದಿ ಆ ಪುಡಿಯನ್ನು ತೆಗೆದು ಅವರ ಮುಂದೆ ಉಜ್ಜಿದೆ. ಅಂಟಲಿಲ್ಲ. ತೆಳ್ಳಗೆ ಹರಡಿ ಒಣಗಿ ಬೆಳ್ಳಗಾಯಿತು. "ಪೆಕ್ಟಿನ್ ಆಗಿದ್ರೆ ಇಷ್ಟೊತ್ತಿಗೆ ಎರಡು ಬೆರಳೂ ಅಂಟ್ಕೊಂಡಿರೋದು ಮೇಡಂ. ನೀವೂ ನೋಡಿ" ಎಂದೆ. ಅಷ್ಟು ಉದ್ದದ ವಾಕ್ಯವನ್ನು ನಾನು ಅಪರಿಚಿತರಿಗೆ ಹೇಳಿದ್ದು ಇದೇ ಮೊದಲಿರಬೇಕು.

ಅವರು ತಮ್ಮ ಬೆರಳು ಒದ್ದೆ ಮಾಡಿಕೊಂಡು ಒಂದೊಂದೇ ಚೀಲದ ಹೊಲಿಗೆಯ ಪುಡಿ ತೆಗೆದು ಉಜ್ಜಿ ನೋಡಿದರು. ಚೀಲಗಳನ್ನು ಒರೆಸಿಸಿ, ಹೊಲಿಗೆಯನ್ನು ಎಳೆದು ನೋಡಿ, ತೂಕಕ್ಕೂ ಹಾಕಿಸಿದರು. ಎಲ್ಲೂ ಕಡಿಮೆ ಬರಲಿಲ್ಲ. ಕೊನೆಯ ಚೀಲದ ಹತ್ತಿರ ಬೆರಳು ಒರೆಸಿಕೊಳ್ಳಲು ಬ್ಯಾಗಿನಲ್ಲಿ ಕರವಸ್ತ್ರ ಹುಡುಕಿದರು, ಸಿಗಲಿಲ್ಲ. ಕೈ ತಾನಾಗಿ ಹಣೆಗೆ ಹೋಯಿತು. ಹೋದದ್ದು ತಿಳಿದು ಅವರಿಗೇ ನಗು ಬಂತು. "ನಿಮ್ಮ ಚಿಕ್ಕಪ್ಪಂಗೆ ಹೇಳಮ್ಮಾ, ಪೂಜೆ ಮನೇಲಿ ಮಾಡ್ಲಿ. ಇನ್ನೊಂದ್ ಸಲ ಇಲ್ಲಿ ಹಚ್ಚಿದ್ರೆ ಅವ್ರನ್ನೇ ಸ್ಯಾಂಪಲ್ ತೆಗಿತೀನಿ." ಸೇತುರಾಮ ನನಗಿಂತ ಜೋರಾಗಿ ನಕ್ಕ. ಸ್ಯಾಂಪಲ್ ಹೋಯಿತು, ಲ್ಯಾಬಿನವರು ಸರಿಯಿದೆ ಎಂದರು, ಚೀಲಗಳು ಮನೆಗೆ ಬಂದವು. ವಿಷಯ ಕೇಳಿದ ಚಿಕ್ಕಪ್ಪ ಮೀಸೆ ತೀಡಿಕೊಂಡು, "ನೋಡು, ವಿಭೂತಿ ಹಚ್ಚಿದ್ದಕ್ಕೇ ಮಾಲು ಉಳೀತು" ಎಂದರು. ಅಪ್ಪ ಉಪ್ಪಿಟ್ಟಿನ ಸೌಟು ಹಿಡಿದುಕೊಂಡೇ ಅಡುಗೆಮನೆಯೊಳಗೆ ಹೋಗಿ ನಕ್ಕು ಬಂದರು.

ನಿನ್ನೆ ಮೊದಲ ಪಾಕ ಇಳಿಸಿದೆ. ನೀನು ಮಾಡಿದಷ್ಟು ಹೊಳಪಿಲ್ಲ, ಆದರೆ ಚಾಕು ಇಟ್ಟರೆ ಅಂಚು ನೆಟ್ಟಗೆ ನಿಲ್ಲುತ್ತದೆ. ಎದುರುಮನೆಯ ಸಿದ್ದಲಿಂಗಯ್ಯನವರು ವಾಸನೆ ಹಿಡಿದು ಬಂದು, ಎಂದಿನಂತೆ ಒಂದು ತುಂಡು ಬಾಯಿಗೆ ಹಾಕಿಕೊಂಡ ಮೇಲೆ, "ಜಿಲೆಟಿನ್ ಇಲ್ಲ ತಾನೆ?" ಎಂದು ಕೇಳಿದರು. ನೀನಿದ್ದಾಗ ನಾನು ತಲೆಯಾಡಿಸಿ ಒಳಗೆ ಹೋಗುತ್ತಿದ್ದೆ. ನಿನ್ನೆ ಅವರನ್ನು ಕೂರಿಸಿ ಕಿತ್ತಳೆ ಸಿಪ್ಪೆಯಿಂದ ಕಾರ್ಗೋವರೆಗೆ ಪೂರ್ತಿ ಹೇಳಿದೆ. ಅವರು ಎದ್ದು ಹೋಗಲಾರದೆ ಇನ್ನೂ ನಾಲ್ಕು ತುಂಡು ತಿಂದರು. ಈ ಕಾಗದದ ಜೊತೆಗಿರುವ ಡಬ್ಬಿ ನಿನಗೂ ದಿವ್ಯಕ್ಕನಿಗೂ. ಬಾಣಂತಿ ತಿನ್ನಬಹುದೋ ಇಲ್ಲವೋ ನೀನೇ ನೋಡು. ಪಾಪುವಿನ ತುಟಿಗೆ ಮಾತ್ರ ಸೋಕಿಸಬೇಡ, ನಿನಗೆ ಆಸೆಯಾಗುತ್ತದೆ ಎಂದು ಗೊತ್ತು.

ಅಕ್ಕನಿಗೆ ನನ್ನ ನೆನಪು ಹೇಳು, ಭಾವನಿಗೆ ನಮಸ್ಕಾರ, ಪಾಪುವಿನ ಎರಡೂ ಪಾದಕ್ಕೆ ಒಂದೊಂದು ಮುತ್ತು.

ನಿನ್ನ ಮಗಳು
ಸಿರಿ

ಮರೆತಿದ್ದೆ: ಕೊರಿಯರಿನವನು ಗೇಟಿನ ಹತ್ತಿರ ಹಾರ್ನ್ ಮಾಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ಯಾರೊಡನೆಯೂ ಮಾತಾಡಬೇಕಾಗಿಲ್ಲ, ಇವಳಿಗೆ ಹೇಳಿ ಮಾಡಿಸಿದ ಹಾಗಿದೆ ಎಂದು ನೀನು ವಿಲ್ಸನ್ ಗಾರ್ಡನ್ನಿನ ಪ್ರಕಾಶನದಲ್ಲಿ ಕರಡು ತಿದ್ದುವ ಕೆಲಸ ನೋಡಿಟ್ಟಿದ್ದೆಯಲ್ಲ, ಅದಕ್ಕೆ ನಾನು ಹೋಗುವುದಿಲ್ಲ. ಅವರಿಗೆ ನಾನೇ ಫೋನ್ ಮಾಡಿ ಹೇಳಿದ್ದೇನೆ. ಸೀಬೆಹಣ್ಣಿನ ಕಾಲಕ್ಕೆ ಬರುವ ಚೀಲಗಳಿಗೆ ಸ್ಟಿಕ್ಕರ್ ಅಂಟಿಸುವುದರಿಂದ ಹಿಡಿದು ಮನೆಗೆ ತರುವವರೆಗೆ ಎಲ್ಲ ನನ್ನ ಕೆಲಸ. ಚಿಕ್ಕಪ್ಪನಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ. ವಿಭೂತಿ ಹಚ್ಚಲೇಬೇಕು ಅಂದರೆ ನನ್ನ ಹಣೆಗೆ ಹಚ್ಚಿ ಕಳಿಸಲಿ.