ನಾಲ್ಕು ಬೆರಳುದ್ದದ ಕೂದಲು

ತಾರೀಕು 9, ಭಾನುವಾರ

ಚಿನ್ನಿ,

ನೀನು, ಮಗಳು, ಮಗು ಮೂವರೂ ಸುಖವಾಗಿದ್ದೀರಿ ಎಂದು ನಿನ್ನ ಎರಡು ಕಾಗದಗಳಿಂದ ತಿಳಿದು ದೇವರಿಗೆ ಕೈ ಮುಗಿದೆ. ಮಗುವಿಗೆ ನಮ್ಮ ಅಪ್ಪನ ಕಿವಿ ಬಂದಿದೆ ಎಂದು ಬರೆದಿದ್ದೀಯ. ಕಿವಿ ಬರಲಿ, ಅಪ್ಪನ ಬಾಯಿ ಮಾತ್ರ ಬಾರದಿರಲಿ. ಉತ್ತರ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮೈ ಸರಿಯಿರಲಿಲ್ಲ ಎಂದು ಸುಳ್ಳು ಬರೆಯಬಹುದಿತ್ತು. ಮೈ ಚೆನ್ನಾಗೇ ಇದೆ. ಸಿಟ್ಟು ಬಂದಿತ್ತು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಪೆನ್ನಿನ ಮೊನೆಗೆ ಕಾಗದ ಹರಿಯಿತು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಪಕ್ಕದಲ್ಲಿ ಅಳಿಯಂದಿರು ಇರುತ್ತಾರೆ. ನನ್ನ ತಲೆಯ ಸುದ್ದಿ ಅವರಿಗೇಕೆ?

ಗಂಟಲಿನ ಗಾಯ ಪೂರ್ತಿ ಮಾಗಿದೆ. ಮೊನ್ನೆ ತೋರಿಸಿಕೊಂಡು ಬಂದೆ. ಡಾಕ್ಟರಮ್ಮ ತಾವೇ ಹೊಲಿದ ಬಟ್ಟೆಯನ್ನು ನೋಡುವ ಹಾಗೆ ನನ್ನ ಕತ್ತು ನೋಡಿ ಹಿಗ್ಗಿದರು. ನಾನು ತಲೆ ತೋರಿಸಿದೆ. ಆಪರೇಷನ್ನಿಗೆ ಮುಂಚೆ ಎರಡು ವರ್ಷ ಕೂದಲು ತೆಳ್ಳಗಾಗುತ್ತ ಬಂದದ್ದು ಥೈರಾಯ್ಡ್ ಗಡ್ಡೆಯಿಂದ, ಗಡ್ಡೆ ತೆಗೆದರೆ ನಿಲ್ಲುತ್ತದೆ ಎಂದವರು ಇವರೇ. ತೆಗೆದ ಮೂರನೇ ತಿಂಗಳಿಗೆ ಹಿಡಿಹಿಡಿಯಾಗಿ ಉದುರಿತಲ್ಲ, ಅದು ಏನು ಎಂದು ಕೇಳಿದರೆ, ದೊಡ್ಡ ಆಪರೇಷನ್ ಆದ ಮೇಲೆ ಕೆಲವರಿಗೆ ಹಾಗಾಗುತ್ತದೆ, ಮೈಗೆ ಪೆಟ್ಟು ಬಿದ್ದಿರುತ್ತದೆ, ಐದಾರು ತಿಂಗಳಲ್ಲಿ ತಾನೇ ಬರುತ್ತದೆ ಎಂದರು. ಮೊದಲೇ ಯಾಕೆ ಹೇಳಲಿಲ್ಲ ತಾಯಿ ಎಂದೆ. ನೀವು ಹೆದರಿಕೊಳ್ಳುತ್ತೀರಿ ಅಂತ ಎಂದರು. ಕತ್ತು ಕುಯ್ಯುತ್ತೇವೆ ಎಂದಾಗ ಹೆದರದವಳು ಕೂದಲು ಉದುರುತ್ತದೆ ಎಂದರೆ ಹೆದರುತ್ತಿದ್ದೆನೇ? ಗೊತ್ತಿದ್ದರೆ ದಿನವೂ ಬಾಚಣಿಗೆ ನೋಡಿ, ಇನ್ನೇನು ರೋಗ ಉಳಿದಿದೆಯೋ ಎಂದು ಒಳಗೊಳಗೇ ಸಾಯುತ್ತಿರಲಿಲ್ಲ.

ಬಿದ್ದವರಿಗೆ ಆಳಿಗೊಂದು ಕಲ್ಲು ಅನ್ನುತ್ತಾರೆ, ಇಲ್ಲಿ ಆಳಿಗೊಂದು ಎಣ್ಣೆ. ಪಕ್ಕದ ಮನೆಯವಳು ಈರುಳ್ಳಿ ರಸ ಹಚ್ಚಿಸಿದಳು, ಎರಡು ದಿನ ಬೆಕ್ಕೂ ನನ್ನ ಹತ್ತಿರ ಸುಳಿಯಲಿಲ್ಲ. ನನ್ನ ಓರಗಿತ್ತಿ, ಈ ವಯಸ್ಸಿಗೆ ಕೂದಲು ಇದ್ದರೆಷ್ಟು ಬಿಟ್ಟರೆಷ್ಟು ಎಂದು ಸಮಾಧಾನ ಹೇಳಿ, ಎದ್ದು ಹೋಗುವಾಗ ಕನ್ನಡಿಯ ಮುಂದೆ ನಿಂತು ತನ್ನ ಜಡೆ ಸರಿಮಾಡಿಕೊಂಡು ಹೋದಳು. ನಿನ್ನ ಭಾವ ಒಂದು ಬೆಳಿಗ್ಗೆ ಬಚ್ಚಲ ತೂತಿಗೆ ಕಡ್ಡಿ ಹಾಕಿ, "ಇಲಿ ಸತ್ತು ಸಿಕ್ಕೊಂಡಿದೆ ಅಂದ್ಕೊಂಡಿದ್ದೆ ಕಣೇ" ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಮಾರನೇ ದಿನದಿಂದ ನನ್ನ ದಿಂಬು ಕೊಡವುವುದು ಅವರದೇ ಕೆಲಸ. ಅವರ ಮೇಲೆ ಸಿಟ್ಟಿಲ್ಲ. ದೇವರ ಹತ್ತಿರ ಮಾತ್ರ ದಿನಾ ಜಗಳ. ತಗೊಳ್ಳೋದಾದರೆ ಒಂದೇ ಸಲ ತಗೋ ಸ್ವಾಮಿ, ಚಿಲ್ಲರೆ ಚಿಲ್ಲರೆಯಾಗಿ ಯಾಕೆ ಸುಲಿಯುತ್ತೀಯ ಎಂದು ಕೇಳುತ್ತೇನೆ.

ಈಗ ಬೇಕರಿಯ ಸುದ್ದಿ. ನೀನು ಮಗಳ ಹೆರಿಗೆಗೆಂದು ಹೊರಡುವ ಎರಡು ದಿನ ಮುಂಚೆ ಆದದ್ದು ನಿನಗೆ ಗೊತ್ತು. ಶಾಲೆಗೆ ಕಳಿಸಿದ ಬನ್ನು ಕಚ್ಚಿದ್ದು ಕಚ್ಚಿದ ಹಾಗೇ ವಾಪಸು ಬಂತು, ಒಳಗೆ ಗೇಣುದ್ದ ಕೂದಲು. ಹಿಟ್ಟಿನ ಮೇಜಿನಲ್ಲಿ ಉಂಡೆ ಕಟ್ಟುವವರು ನಾನು, ನೀನು, ಇನ್ನಿಬ್ಬರು ಹೆಂಗಸರು, ಒಟ್ಟು ನಾಲ್ಕು ಜನ, ನಾಲ್ವರ ತಲೆಗೂ ಅದೇ ಬಿಳಿ ಟೋಪಿ. ಯಜಮಾನರು ಉಳಿದವರ ಮುಖ ಸಹ ನೋಡದೆ ನೇರ ನನ್ನ ಕಡೆ ತಿರುಗಿ, "ಉದುರೋ ತಲೆ ಇಟ್ಕೊಂಡು ಹಿಟ್ಟಿಗೆ ಯಾಕಮ್ಮ ಕೈ ಹಾಕ್ತೀರಿ? ಮನೇಲಿರಿ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಟೋಪಿ ಮುಟ್ಟಿ ನೋಡಿಕೊಂಡೆ. ಅದೇ ನನ್ನ ತಪ್ಪು. ಮುಟ್ಟಿದ್ದೇ ಒಪ್ಪಿಕೊಂಡ ಹಾಗಾಯಿತು.

ಆ ಟೋಪಿಯ ಕೆಳಗೆ ಏನಿತ್ತೆಂದು ನಿನ್ನನ್ನು ಬಿಟ್ಟು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ವಾರವಷ್ಟೇ ನಿನ್ನ ಕೈಯಿಂದ ನಾಲ್ಕು ಬೆರಳುದ್ದಕ್ಕೆ ಕತ್ತರಿಸಿಕೊಂಡಿದ್ದೆ, ಯಾರಿಗೂ ಹೇಳಬೇಡ ಎಂದು ಭಾಷೆ ತೆಗೆದುಕೊಂಡಿದ್ದೆ. ಟೋಪಿ ತೆಗೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಭಟ್ಟಿಯವನು, ವ್ಯಾನಿನವನು, ಅಂಗಡಿಯ ಕಡೆಯಿಂದ ಇಣುಕುತ್ತಿದ್ದ ಗಿರಾಕಿಗಳು, ಅಷ್ಟು ಕಣ್ಣುಗಳ ಮುಂದೆ ನನ್ನ ಕೈ ಏಳಲಿಲ್ಲ. ಹದಿನಾರು ವರ್ಷ ಹಿಟ್ಟು ನಾದಿದ ಮೇಜನ್ನು ಒರೆಸಿ, ಏಪ್ರನ್ ಮಡಚಿಟ್ಟು ಮನೆಗೆ ಬಂದೆ. ಮನೆಯಲ್ಲಿ ಏನು ಮಾಡುವುದೆಂದು ಈ ಕೈಗಳಿಗೆ ತಿಳಿಯುವುದಿಲ್ಲ ಚಿನ್ನಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸುಮ್ಮನೆ ಕೂತಿರುತ್ತಿದ್ದೆ.

ಮೂರು ವಾರವಾದ ಮೇಲೆ ಭಟ್ಟಿಯವನು ಬಾಗಿಲಿಗೆ ಬಂದ. ಮತ್ತೆ ಒಂದು ಬನ್ನು ವಾಪಸು ಬಂದಿದೆ, ಅದೇ ಗೇಣುದ್ದದ ಕೂದಲು. ನಾನೂ ಇಲ್ಲ, ನೀನೂ ಇಲ್ಲ, ಆದರೂ ಬಂದಿದೆ. ಯಜಮಾನರು ಬರಹೇಳಿದ್ದಾರೆ, ಆದದ್ದನ್ನು ಮರೆತುಬಿಡಬೇಕಂತೆ ಎಂದ. ಅಂದವರು ಅವರು, ಮರೆಯಬೇಕಾದವಳು ನಾನು. ಎಂಥ ಒಳ್ಳೆಯ ನ್ಯಾಯ.

ಹೋದೆ. ಎಲ್ಲರೂ ಚಹಾಕ್ಕೆ ಸೇರುವ ಹೊತ್ತು ನೋಡಿಕೊಂಡೇ ಹೋದೆ. ಹಿಟ್ಟಿನ ಮೇಜಿನ ಮುಂದೆ ನಿಂತು, ತಲೆಗೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿದೆ. ನೆತ್ತಿಯಲ್ಲಿ ಚರ್ಮ ಕಾಣುವ ಜಾಗಗಳೂ ಇವೆ, ಅವೂ ಕಾಣಲಿ ಎಂದು ದೀಪದ ಕೆಳಗೆ ತಲೆ ಬಗ್ಗಿಸಿದೆ.

"ನೋಡಿ ಯಜಮಾನ್ರೇ. ಇದರಲ್ಲಿ ಗೇಣುದ್ದದ್ದು ಒಂದಿದ್ರೆ ಹುಡುಕಿ ಕೊಡಿ" ಎಂದೆ.

"ಅಮ್ಮಾ, ಮುಚ್ಕೊಳ್ಳಿ, ಗಿರಾಕಿಗಳಿದ್ದಾರೆ."

"ಅವತ್ತೂ ಇದ್ರು. ಎಲ್ಲರ ಎದುರಿಗೆ ಅಂದಿದ್ದನ್ನ ಎಲ್ಲರ ಎದುರಿಗೇ ವಾಪಸ್ ತಗೊಳ್ಳಿ."

ಭಟ್ಟಿಯವನ ತಲೆ ನಿನಗೆ ಗೊತ್ತಲ್ಲ, ಮೊಟ್ಟೆಯ ಹಾಗೆ. ಅವನು ಟೋಪಿ ತೆಗೆದು ನನ್ನ ಪಕ್ಕ ನಿಂತು, "ನಂದೂ ಒಂದ್ಸಲ ನೋಡ್ಬಿಡಿ ಯಜಮಾನ್ರೇ" ಎಂದ. ಯಾರೋ ಕಿಸಕ್ಕೆಂದರು. ಯಜಮಾನರು ಗಂಟಲಿಗೆ ಮುಳ್ಳು ಸಿಕ್ಕಿದವರ ಹಾಗೆ, ತಪ್ಪಾಯಿತು, ನಿಮ್ಮದಲ್ಲ, ಎಂದರು. ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ, ಎಂದೆ. ಹೇಳಿದರು. ಹೋದ ಸೋಮವಾರದಿಂದ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಸಿಟ್ಟು ಇಳಿದಿದೆಯಾ ಎಂದು ಕೇಳಬೇಡ, ಹಿಟ್ಟಿಗೆ ಒಳ್ಳೆಯದಾಗಿದೆ, ಗುದ್ದಿ ಗುದ್ದಿ ನಾದುತ್ತೇನೆ.

ಮಗಳು ಚೆನ್ನಾಗಿ ಉಣ್ಣಲಿ, ನಿದ್ದೆ ಮಾಡಲಿ. ಮಗುವನ್ನು ದೇವರು ನೂರು ವರ್ಷ ಕಾಯಲಿ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ನೀನು ಮುಂದಿನ ತಿಂಗಳು ಬರುತ್ತೀಯ ಎಂದು ಯಜಮಾನರಿಗೆ ಹೇಳಿದ್ದೇನೆ, ನಿನ್ನ ಕೆಲಸಕ್ಕೆ ಬೇರೆಯವರನ್ನು ತೆಗೆದುಕೊಂಡಿಲ್ಲ.

ನಿನ್ನ ಒಳ್ಳೆಯದನ್ನೇ ಬಯಸುವ,
ಅಕ್ಕ

ತಾ.ಕ.: ಕಾಗದ ಮಡಚಿದ ಮೇಲೆ ಮತ್ತೆ ಬಿಚ್ಚಿದೆ, ಬರೆಯದಿದ್ದರೆ ದೇವರ ಮುಂದೆ ಕೂರಲಾರೆ. ಅವತ್ತು ನೀನು ಬಾಯಿ ಬಿಡಲಿಲ್ಲ ಎಂದು ನನಗೆ ಕೋಪವಿಲ್ಲ. ಹೇಳಬೇಡ ಎಂದವಳು ನಾನೇ, ನೀನು ಮಾತು ಉಳಿಸಿಕೊಂಡೆ. ಆದರೆ ಯಜಮಾನರು ನನ್ನ ಕಡೆ ತಿರುಗಿದ ಕೂಡಲೇ, ನನ್ನ ಮೊಣಕೈಗೆ ತಾಗಿಕೊಂಡಿದ್ದ ನಿನ್ನ ಮೊಣಕೈ ಇಲ್ಲವಾಯಿತು. ನೋಡಿದರೆ ನೀನು ಒಂದು ಹೆಜ್ಜೆ ಆಚೆ ಸರಿದು, ಆ ಇಬ್ಬರು ಹೆಂಗಸರ ಜೊತೆಗೆ ನಿಂತು, ಅವರ ಹಾಗೆಯೇ ನನ್ನನ್ನು ನೋಡುತ್ತಿದ್ದೆ. ಹಾಗೆ ಸರಿಯಬೇಕೆಂದು ನಿನ್ನಿಂದ ಯಾರೂ ಭಾಷೆ ತೆಗೆದುಕೊಂಡಿರಲಿಲ್ಲ. ಕೂದಲು ಬರುತ್ತದಂತೆ, ಡಾಕ್ಟರಮ್ಮ ಹೇಳಿದ್ದಾರೆ. ನೀನು ಬಾ. ಬಂದ ಮೇಲೆ ಎಲ್ಲಿ ನಿಲ್ಲುತ್ತೀಯ ಎಂದು ಅಲ್ಲೇ ಯೋಚಿಸಿಕೊಂಡು ಬಾ.