ಶನಿವಾರದ ಗೆರೆ

ಅಕ್ಟೋಬರ್ 4, ಶನಿವಾರ
ಧೃತಿ ಹನ್ನೊಂದಕ್ಕೆ ಬಂದಳು, ಆರಕ್ಕೆ ಹೊರಟಳು. ವಿಚ್ಛೇದನದ ಒಪ್ಪಂದದಂತೆ. ಹದಿನೈದರ ಮಗಳ ಜೊತೆ ಮಾತಿಗೆ ವಿಷಯವೇ ಇರಲಿಲ್ಲ. ಇವತ್ತು ಸಿಕ್ಕಿತು — ಅವಳ ಹಿಸ್ಟರಿ ಪ್ರಬಂಧ. ಆಗಷ್ಟೇ ಹುಟ್ಟಿದ ಅಮೆರಿಕದ ಕಾನೂನು, ಎಲ್ಲೆಗಳನ್ನು ಗಡಿಯುದ್ಧಗಳು ಹೇಗೆ ರೂಪಿಸಿದವು? ನನಗೋ ಅಮೆರಿಕ ಎಂದರೆ ಹೊತ್ತಲ್ಲದ ಹೊತ್ತಿನ ಆಫೀಸ್ ಕಾಲ್. ಆದರೂ ಓದಿ ಹೇಳಿಕೊಡುತ್ತೇನೆ ಎಂದೆ. ಓಕೆ ಎಂದಳು. ಅಷ್ಟು ಸಾಕು.

ಅಕ್ಟೋಬರ್ 7, ಮಂಗಳವಾರ. ಪಾರ್ಕ್ ರಾಯಲ್ ಆಫೀಸು, ಊಟದ ಬಿಡುವು
ಗೋದಾಮಿನ ಸಿಸ್ಟಮ್ ಡೌನ್. ಎಲ್ಲರೂ ಕೂಗಾಡುತ್ತಿದ್ದಾರೆ. ಮೊಬೈಲಿನಲ್ಲಿ ಓದುತ್ತಾ ನಾನು ಅಮೆರಿಕದ ಓಹಾಯೋದಲ್ಲಿದ್ದೇನೆ. 1791 — ಮೂಲನಿವಾಸಿಗಳೆಲ್ಲ ಒಂದಾಗಿ ಹೊಸ ದೇಶದ ಸೈನ್ಯವನ್ನು ಚಿಂದಿ ಚಿತ್ರಾನ್ನ ಮಾಡಿದರು. ಮರುವರ್ಷವೇ ಕಾನೂನು: ರಾಜ್ಯಗಳ ನಾಗರಿಕ ಪಡೆಯನ್ನು ಅಧ್ಯಕ್ಷರು ಕರೆಸಬಹುದು. 1794, ಮೂಲನಿವಾಸಿಗಳಿಗೆ ಸೋಲು. 1795, ಒಪ್ಪಂದ. ನಕ್ಷೆಯ ಮೇಲೊಂದು ಗೆರೆ — ಇತ್ತ ನಮ್ಮದು, ಅತ್ತ ನಿಮ್ಮದು. ಎಳೆದವರೇ ಆಮೇಲೆ ದಾಟಿದರಂತೆ. ಇದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಶನಿವಾರದವರೆಗೆ ಇರುವುದು ಹೇಗೆ?

ಅಕ್ಟೋಬರ್ 8, ಬುಧವಾರ
ಇರಲಾಗಲಿಲ್ಲ. ಕೆಲಸ ಮುಗಿಸಿ ಕಿಂಗ್ಸ್‌ಬರಿಗೆ, ಧೃತಿಯ ಮನೆಗೆ. ಪಿಯುಸಿ ಕಾಲದ ಹಾಗೆ ಪಾಯಿಂಟ್ಸ್ ಮಾಡಿ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದೆ. ಜೊತೆಗೆ ಈಲಿಂಗ್ ರೋಡಿನ ಇಂಡಿಯನ್ ಅಂಗಡಿಯ ಜಿಲೇಬಿ, ಬರಿಗೈಯಲ್ಲಿ ಹೋಗಬಾರದಲ್ಲ. ಬಾಗಿಲು ತೆಗೆದವಳು ವಂದನಾ. ಒಂದು ಕಾಲದ ಹೆಂಡತಿ, ಹೊಸ್ತಿಲಲ್ಲೇ ನಿಲ್ಲಿಸಿದಳು.
"ಒಪ್ಪಿದ್ದು ಶನಿವಾರ ಅಷ್ಟ. ಇವತ್ತ ಬುಧವಾರ ಅದ."
ಅದೇ ಧಾರವಾಡದ ಮೆತ್ತನೆ ದನಿ. ಬೈದಿದ್ದರೆ ವಾಸಿಯಿತ್ತು. ಮೆಟ್ಟಿಲ ಮೇಲಿಂದ ಧೃತಿ, "ಅಪ್ಪಾ, ಯೂ ಕಾಂಟ್ ಜಸ್ಟ್ ಟರ್ನ್ ಅಪ್."
ಬೈಹಾರ್ಟ್ ಮಾಡು ಎಂದು ಪಾಯಿಂಟ್ಸ್ ಕೊಟ್ಟು ಬಂದೆ. ಜಿಲೇಬಿ ಕೈಯಲ್ಲೇ ಉಳಿಯಿತು. ಬಸ್ಸಿನಲ್ಲಿ ತಿಂದೆ.

ಅಕ್ಟೋಬರ್ 25, ಶನಿವಾರ
ಎರಡು ಶನಿವಾರ ಬರಲಿಲ್ಲ. ಒಮ್ಮೆ ಜ್ವರ, ಒಮ್ಮೆ ಯಾರದೋ ಬರ್ತ್‌ಡೇ. ಇವತ್ತು ಬಂದಳು. ನನ್ನ ಪಾಯಿಂಟ್ಸ್ ನೋಡಿ ಟೀಚರ್ ಕೇಳಿದರಂತೆ: ಇಸವಿಗಳು ಸರಿ, ನಿನ್ನ ವಾದ ಎಲ್ಲಿ? ನಮ್ಮ ಕಾಲದಲ್ಲಿ ವಾದ ಮಾಡಿದ್ದರೆ ಮಾರ್ಕ್ಸ್ ಕಟ್ಟಾಗುತ್ತಿತ್ತು! ಆಮೇಲೆ ತಾನೇ ಬರೆದಳಂತೆ. ಓದು ಎಂದೆ. ಇಂಗ್ಲಿಷಿನಲ್ಲಿ ಓದಿದಳು. ಅರ್ಥ ಇಷ್ಟು: ಎರಡು ಕಡೆಯ ದೊಡ್ಡವರು ಸೇರಿ ಸಹಿ ಹಾಕಿದರು; ಗೆರೆ ಯಾರ ಬದುಕಿನ ನಡುವೆ ಹಾದುಹೋಯಿತೋ ಅವರನ್ನು ಯಾರೂ ಕೇಳಲಿಲ್ಲ.
ಹಾಳೆ ಇಸಿದುಕೊಂಡು ಆ ಸಾಲನ್ನು ನಾನೇ ಇನ್ನೊಮ್ಮೆ ಓದಿದೆ.
"ಶನಿವಾರದ ಬಗ್ಗೆ ನಿನ್ನನ್ನ ಯಾರಾದ್ರೂ ಕೇಳಿದ್ರಾ ಪುಟ್ಟಿ?"
ಇಲ್ಲವೆಂದು ತಲೆಯಾಡಿಸಿದಳು.
"ಈಗ ನಾನು ಕೇಳ್ತಿದೀನಿ."
ಕಿಟಕಿಯಾಚೆ ಸ್ಟೇಡಿಯಂ ನೋಡುತ್ತಾ ಹೇಳಿದಳು — "ನಾಟ್ ಎವ್ರಿ ವೀಕ್, ಅಪ್ಪಾ. ಕ್ಯಾನ್ ಐ ಕಮ್ ವೆನ್ ಐ ವಾಂಟ್ ಟು?"
ಆಯ್ತು ಎಂದೆ. ಕೇಳಿದವನು ನಾನೇ.

ನವೆಂಬರ್ 1, ಶನಿವಾರ
ಬರಲಿಲ್ಲ. ಫೋನ್ ಮಾಡಬಾರದು... ಮಾಡಲಿಲ್ಲ. ಅಭ್ಯಾಸಬಲ, ಅನ್ನಕ್ಕೆ ಇಬ್ಬರ ಅಕ್ಕಿ ಹಾಕಿದ್ದೆ. ರಾತ್ರಿಗೂ ಅದೇ.

ನವೆಂಬರ್ 26, ಬುಧವಾರ, ಸಂಜೆ
ಒಬ್ಬನ ಅಕ್ಕಿ ಹಾಕುವುದು ಕೊನೆಗೂ ರೂಢಿಯಾಗಿದೆ. ಕುಕ್ಕರ್ ಇಟ್ಟು ಬರೆಯಲು ಕೂತೆ. ಈ ಮನೆಯಲ್ಲಿ ಈಗ ಮಾತಾಡುವುದು ಅದೊಂದೇ. ಕೆಳಗಿನ ಬಾಗಿಲಿನ ಬಜರ್ ಹೊಡೆಯುತ್ತಿದೆ. ಪಾರ್ಸೆಲ್ ಏನೂ ತರಿಸಿಲ್ಲ. ಯಾರೆಂದು ಕೇಳಿ ಬಂದೆ.
ಇಂಟರ್‌ಕಾಮಿನಲ್ಲಿ — "ಅಪ್ಪಾ, ಐ ಜಸ್ಟ್ ಟರ್ನ್ಡ್ ಅಪ್."
ಲಿಫ್ಟ್ ಮೇಲೆ ಬರುತ್ತಿದೆ. ಕುಕ್ಕರ್ ಆರಿಸಬೇಕು, ಇನ್ನೊಂದು ಲೋಟ ಅಕ್ಕಿ —