ನಿನಗೆ ಜ್ವರ ಎಂದು ಹೇಳಿದೆ

ಸೀಮಾ,

ಇದನ್ನು ನಿನಗೆ ಕಳಿಸುವುದಿಲ್ಲ. ನಿನ್ನ ಹೆಸರಿಗೆ ಅಂಚೆಚೀಟಿ ಹಚ್ಚುವ ಮನಸ್ಸೂ ನನಗಿಲ್ಲ.

ಇವತ್ತು ಹಿರೋಶಿಮಾ ದಿನ. 'ಬಾಂಬು ಬೇಡ, ಆಸ್ಪತ್ರೆ ಬೇಕು' ಎಂದು ನೀನೇ ಬರೆದಿದ್ದ ಬ್ಯಾನರು ಹಿಡಿದು ಗದಗ ಬಸ್‌ಸ್ಟ್ಯಾಂಡಿನ ಮುಂದೆ ಈ ಸಲ ನೀನಿಲ್ಲದೆ ಒಬ್ಬಳೇ ನಿಂತಿದ್ದೆ. "ಪಾಕಿಸ್ತಾನಕ್ಕ ಹೋಗಿ ಹೇಳ ಇದನ್ನ!" ಎಂದು ಒಬ್ಬ ಕೂಗಿದ. ಜನ ಸುತ್ತುವರಿದರು. ಅಷ್ಟರಲ್ಲಿ ನೀನು ಸ್ಕೂಟಿ ನಿಲ್ಲಿಸಿದೆ. ನನಗೆ ಜೀವ ಬಂದಂತಾಯಿತು.

"ಇವರಿಗೆ ದೇಶದ ಚಿಂತಿ ಎಲ್ಲಿರತೈತ್ರಿ?" ಎಂದು ಅವರಿಗೆ ಹೇಳಿ ನೀನು ಹೊರಟುಹೋದೆ.

'ಇವರು' ಅಂದರೆ ನಾನು, ಅಮೀರಾ. ನಿನ್ನ ತಾಟಿನಲ್ಲೇ ಉಂಡು ಬೆಳೆದವಳು. ಥೂ, ನಿನ್ನ ನಾಲಿಗೆಗೆ!

ಆಮೇಲೆ ಬೆಳ್ಳಟ್ಟಿ ಬಸ್ಸಿನಿಂದ ನಿಮ್ಮವ್ವ ಸಾವಂತ್ರೆವ್ವ ಇಳಿದರು, ಪ್ರತಿ ವರ್ಷದ ಹಾಗೆ. ಜನರನ್ನು ಸರಿಸಿ ಬಂದು ಬ್ಯಾನರಿನ ಇನ್ನೊಂದು ತುದಿ ಹಿಡಿದರು.

"ನಮ್ಮ ಸೀಮಾ ಎಲ್ಲಿ ಅದಾಳವಾ?"

"ಜ್ವರ ಬಂದಾವಬೇ ಅಕಿಗೆ."

ಆ ಸುಳ್ಳು ಹೇಳಿದ್ದು ಅವರಿಗಾಗಿ, ನಿನಗಾಗಿ ಅಲ್ಲ. ಅವರು ಗಾಬರಿಯಾಗಿ, ಮೋಸಂಬಿ ಕೊಂಡು, ಈಗಷ್ಟೇ ನಿನ್ನ ಮನೆಗೆ ಆಟೊ ಹತ್ತಿದರು.

ನೀನು ಬಾಗಿಲು ತೆರೆಯುವಾಗ ನಿನಗೆ ಖರೇನೇ ಜ್ವರ ಬಂದಿರಲಿ ಎಂದು ದುವಾ ಮಾಡುತ್ತಿದ್ದೇನೆ.